ಹಿಂದಿನ ಟೈರು ಅಗಲವಾಗಿದ್ದರೆ

ಹಿಂದಿನ ಟೈರು ಮುಂದಿನದಕ್ಕಿಂತ ಅಗಲವಾಗಿದ್ದರೆ ಗಾಡಿಗೆ ಒಂದು ಗತ್ತು ಬರುತ್ತೆ, ಅದನ್ನ ನಾನು ಅಲ್ಲಗಳೆಯಲ್ಲ. ಆದರೆ ನಾಲ್ಕೂ ಚಕ್ರಕ್ಕೆ ಎಂಜಿನ್ನಿನ ಶಕ್ತಿ ಹೋಗುವ ಗಾಡಿಗೆ ಹಾಗೆ ಮಾಡಬಹುದಾ ಅಂತ ಯಾರಾದ್ರೂ ಕೇಳಿದಾಗ ನನಗೆ ನೆನಪಾಗೋದು 1969ನೇ ಇಸವಿ. ಯಾಕಂದ್ರೆ ಅಗಲದ ಹಿಂಟೈರು ಮತ್ತು ಫೋರ್‌ವೀಲ್ ಡ್ರೈವ್, ಇವೆರಡೂ ರೇಸಿನ ಲೋಕದಲ್ಲಿ ಮೊದಲು ಜೊತೆಗಾರರಾಗಿರಲಿಲ್ಲ, ಎದುರಾಳಿಗಳಾಗಿದ್ದವು.

ಕಥೆ ಶುರುವಾಗೋದು ಒಬ್ಬ ಟ್ರ್ಯಾಕ್ಟರ್ ಮನುಷ್ಯನಿಂದ. ಐರ್ಲೆಂಡಿನಲ್ಲಿ ಹುಟ್ಟಿದ ಹ್ಯಾರಿ ಫರ್ಗುಸನ್. ಇವತ್ತು ನಮ್ಮ ಗದ್ದೆಗೆ ಇಳಿಯುವ ಟ್ರ್ಯಾಕ್ಟರಿನ ಹಿಂದೆ ನೇಗಿಲು ಸಿಕ್ಕಿಸೋ ಮೂರು ಕೊಂಡಿಯ ವ್ಯವಸ್ಥೆ ಇದೆಯಲ್ಲ, ಅದನ್ನ ರೂಢಿಗೆ ತಂದವರು ಇವರೇ. ಕೊನೆಗಾಲದಲ್ಲಿ ಅವರಿಗೆ ಹಿಡಿದಿದ್ದ ಹುಚ್ಚು ಅಂದ್ರೆ ಕಾರಿನ ನಾಲ್ಕೂ ಚಕ್ರ ಓಡಿಸೋದು. 1960ರಲ್ಲಿ ತೀರಿಕೊಂಡರು. ಮರುವರ್ಷ ಅವರ ಸಂಸ್ಥೆಯ ಪಿ99 ಕಾರನ್ನ ಸ್ಟರ್ಲಿಂಗ್ ಮಾಸ್ ಇಂಗ್ಲೆಂಡಿನ ಔಲ್ಟನ್ ಪಾರ್ಕಿನ ಒದ್ದೆ ಟ್ರ್ಯಾಕಿನಲ್ಲಿ ಓಡಿಸಿ ಗೆದ್ದರು. ಫಾರ್ಮುಲಾ ಒನ್ ಕಾರುಗಳ ರೇಸೊಂದನ್ನ ಫೋರ್‌ವೀಲ್ ಡ್ರೈವ್ ಗೆದ್ದದ್ದು ಅದೊಂದೇ ಸಲ. ಪಾಪ, ಯಜಮಾನರಿಗೆ ಅದನ್ನ ನೋಡೋ ಯೋಗ ಇರಲಿಲ್ಲ.

1966ರಲ್ಲಿ ಎಂಜಿನ್ ಗಾತ್ರವನ್ನ ಮೂರು ಲೀಟರಿಗೆ ಏರಿಸಿದರು, ಮುಂದಿನ ವರ್ಷ ಸುಮಾರು 400 ಕುದುರೆಶಕ್ತಿಯ ಕಾಸ್ವರ್ತ್ ಎಂಜಿನ್ ಬಂತು. ಇಷ್ಟು ಶಕ್ತಿಯನ್ನ ರಸ್ತೆಗೆ ಇಳಿಸೋದು ಹೇಗೆ? ಲೋಟಸ್, ಮಾತ್ರಾ, ಮೆಕ್‌ಲಾರೆನ್ ಮೂವರೂ 1969ಕ್ಕೆ ಫೋರ್‌ವೀಲ್ ಡ್ರೈವ್ ಕಾರು ಕಟ್ಟಿದರು. ಭಾರ ಜಾಸ್ತಿ, ಸ್ಟೇರಿಂಗ್ ಕಲ್ಲಿನ ಹಾಗೆ, ಓಡಿಸುವವರಿಗೇ ಬೇಡವಾಯ್ತು. ಮೆಕ್‌ಲಾರೆನ್ ಕಾರು ಒಂದೇ ರೇಸಿಗೆ ಮೂಲೆ ಸೇರಿತು. ಈ ಜಾತಿಯ ಕಾರುಗಳು ಚಾಂಪಿಯನ್‌ಶಿಪ್ಪಿನಲ್ಲಿ ಸಂಪಾದಿಸಿದ್ದು ಒಂದೇ ಒಂದು ಅಂಕ, ಕೆನಡಾದಲ್ಲಿ ಮಾತ್ರಾ ಆರನೇ ಸ್ಥಾನಕ್ಕೆ ಬಂದಾಗ. ಅದೇ ಹೊತ್ತಿಗೆ ಬೇರೆ ಕಡೆಯಿಂದ ಉತ್ತರ ಸಿಕ್ಕಿಬಿಟ್ಟಿತ್ತು. ಗಾಳಿಯೊತ್ತಡಕ್ಕೆ ರೆಕ್ಕೆ, ಹಿಂದೆ ಡ್ರಮ್ಮಿನಂಥ ಅಗಲದ ಟೈರು. ಹಿಂದಿನ ಎರಡೇ ಚಕ್ರ ಸಾಕು ಅನ್ನೋ ಕಾಲ ಬಂತು.

ಇವೆರಡರ ರಾಜಿಗೆ ನನಗೆ ಇಷ್ಟವಾದ ಉದಾಹರಣೆ 1989ರ ಪೋರ್ಷೆ ಕರೇರಾ 4. ಅದರ ಎಂಜಿನ್ ಇರೋದು ಹಿಂದಿನ ಆಕ್ಸಲ್ಲಿಗಿಂತಲೂ ಹಿಂದೆ. ಭಾರ ಅಲ್ಲೇ, ಶಕ್ತಿಯ ಶೇ. 69 ಭಾಗವೂ ಅಲ್ಲಿಗೇ. ಹಾಗಾಗಿ ಅಗಲದ ಹಿಂಟೈರಿಗೆ ಕಾರಣ ಇತ್ತು, ಬರೀ ಶೋಕಿಯಲ್ಲ. ಮುಂದೆ 205/55, ಹಿಂದೆ 225/50, ಎರಡೂ 16 ಇಂಚಿನ ರಿಮ್ಮು. ಎರಡನೇ ಅಂಕಿ ಅಂದ್ರೆ ಅಗಲದ ಶೇಕಡಾ ಎಷ್ಟು ಎತ್ತರ ಟೈರಿನ ಗೋಡೆ ಅಂತ. ಲೆಕ್ಕ ಹಾಕಿ ನೋಡಿ: ಮುಂದೆ 112.75 ಮಿಲಿಮೀಟರ್, ಹಿಂದೆ 112.5. ಅಗಲ 20 ಮಿ.ಮೀ. ಜಾಸ್ತಿ, ಎತ್ತರ ಮಾತ್ರ ಕೂದಲೆಳೆ ವ್ಯತ್ಯಾಸ. ಎಲ್ಲ ಗುಟ್ಟೂ ಇಲ್ಲೇ ಇರೋದು.

ಅಗಲ ಏರಿಸಿ ಆ ಎರಡನೇ ಅಂಕಿಯನ್ನ ಹಾಗೇ ಬಿಟ್ಟು ಹಿಂದೆ 225/55 ಹಾಕಿದ್ರೆ? ಟೈರಿನ ವ್ಯಾಸ 22 ಮಿ.ಮೀ. ಹೆಚ್ಚುತ್ತೆ. ಮುಂದಿನ ಚಕ್ರ ಕಿಲೋಮೀಟರಿಗೆ 504 ಸುತ್ತು ಸುತ್ತಿದ್ರೆ ಹಿಂದಿನದು 487. ನೂರು ಕಿಲೋಮೀಟರಿಗೆ 1,700 ಸುತ್ತಿನ ಜಗಳ. ಆ ಜಗಳವನ್ನ ನುಂಗಬೇಕಾದ್ದು ಮಧ್ಯದ ಡಿಫರೆನ್ಷಿಯಲ್ಲು ಅಥವಾ ಕ್ಲಚ್ಚು, ಅದೂ ನೇರ ರಸ್ತೆಯಲ್ಲೂ ಬಿಡುವಿಲ್ಲದೆ, ಬಿಸಿಯಾಗ್ತಾ.

ಸಕಲೇಶಪುರದ ಕಡೆ ತೋಟ ಇರೋ ಪರಿಚಯದ ಹುಡುಗನೊಬ್ಬ ಅಪ್ಪನ ಕಾಲದ ಜೀಪಿಗೆ ಇದನ್ನೇ ಮಾಡಿಸೋಕೆ ಹೊರಟಿದ್ದ. ಹಳೇ ಜೀಪಲ್ಲಿ ಮಧ್ಯದ ಡಿಫರೆನ್ಷಿಯಲ್ಲೇ ಇಲ್ಲ. ಲಿವರ್ ಎಳೆದ್ರೆ ಮುಂದಿನದೂ ಹಿಂದಿನದೂ ಬಿಗಿಯಾಗಿ ಕಟ್ಟಿಬೀಳುತ್ತವೆ. ಕೆಸರಲ್ಲಿ ಚಕ್ರ ಜಾರಿ ಸರಿಹೋಗುತ್ತೆ, ಟಾರು ರಸ್ತೆಯಲ್ಲಿ ಆ ಹಿಗ್ಗಾಮುಗ್ಗಾ ಎಳೆತ ಗೇರಿನ ಹಲ್ಲಿಗೇ ಬೀಳುತ್ತೆ. 'ಟ್ರ್ಯಾಕ್ಟರಲ್ಲಿ ಹಿಂದಿನ ಚಕ್ರ ಅಷ್ಟು ದೊಡ್ಡದಿಲ್ವಾ?' ಅಂದ. ಒಳ್ಳೇ ಪ್ರಶ್ನೆ. ಫೋರ್‌ವೀಲ್ ಟ್ರ್ಯಾಕ್ಟರಲ್ಲಿ ಮುಂದಿನ ಸಣ್ಣ ಚಕ್ರ ಜೋರಾಗಿ ತಿರುಗೋ ಹಾಗೆ ಗೇರಿನ ಲೆಕ್ಕವನ್ನೇ ಕಾರ್ಖಾನೆಯಲ್ಲಿ ಕೂರಿಸಿರ್ತಾರೆ, ನೆಲ ಕಚ್ಚಿ ಎಳೀಲಿ ಅಂತ ಒಂಚೂರು ಜಾಸ್ತಿಯೇ. ಗದ್ದೆ ಕೆಸರಿಗೆ ಅದು ಸರಿ. ಟಾರು ರಸ್ತೆಯಲ್ಲಿ ಹಾಗೇ ಓಡಿಸಿದವರ ಮುಂದಿನ ಟೈರು ನೋಡಿ, ಗೊತ್ತಾಗುತ್ತೆ.

ಇನ್ನೊಂದು ವಿಷಯ, ಬಹಳ ಜನ ಮರೆಯೋದು. ಹೊಸ ಟೈರಿನ ಹಲ್ಲು ಸುಮಾರು 8 ಮಿ.ಮೀ. ಅದು ಸವೆದು 3ಕ್ಕೆ ಬಂದ್ರೆ ವ್ಯಾಸ 10 ಮಿ.ಮೀ. ಕಮ್ಮಿ ಆಯ್ತು. ಅಂದ್ರೆ ಅದೇ ಸೈಜಿನ ಎರಡು ಹೊಸ ಟೈರನ್ನ ಹಿಂದೆ ಮಾತ್ರ ಹಾಕಿಸಿದರೂ ಲೆಕ್ಕ ತಪ್ಪುತ್ತೆ. ಎರಡು ಸೈಜು ಇಟ್ಟುಕೊಂಡ ಗಾಡಿಯಲ್ಲಿ ಮುಂದಿನದನ್ನ ಹಿಂದಕ್ಕೆ ಬದಲಾಯಿಸೋ ಹಾಗೂ ಇಲ್ಲ, ಇರೋ ಒಂದು ಸ್ಟೆಪ್ನಿ ಎರಡೂ ಕಡೆಗೆ ಆಗೋದೂ ಇಲ್ಲ.

ಹುಡುಗನಿಗೆ ಒಂದು ಸೀಮೆಸುಣ್ಣ, ಒಂದು ಟೇಪು ತರಿಸಿದೆ. ನಾಲ್ಕೂ ಟೈರಿಗೆ ಸರಿಯಾಗಿ ಗಾಳಿ ತುಂಬಿಸಿ, ಮುಂದೊಂದು ಹಿಂದೊಂದು ಚಕ್ರಕ್ಕೆ ಗುರುತು ಹಾಕಿ, ಟೂವೀಲಲ್ಲೇ ಇಟ್ಟು ಕಾಫಿ ಒಣಗಿಸೋ ಕಣದಲ್ಲಿ ಹತ್ತು ಸುತ್ತು ತಳ್ಳಿ ಅಳೆದ್ವಿ. ಅಗಲದ ಮಾತು ಎತ್ತೋಕೆ ಮೊದಲೇ, ಅವನ ಹಳೇ ಟೈರುಗಳಲ್ಲೇ ಹಿಂದಕ್ಕೂ ಮುಂದಕ್ಕೂ ಅರ್ಧ ಅಡಿ ವ್ಯತ್ಯಾಸ ಇತ್ತು.