ವಾಕಡದ ಸೀನು, ಉಪ್ಸಾಲಾದ ಪರೀಕ್ಷೆ: ಅಲರ್ಜಿ ರಕ್ತಪರೀಕ್ಷೆ ನಡೆದು ಬಂದ ದಾರಿ

ಈ ವಾರದ ವಿಡಿಯೋ ನೋಡೋಕೆ ಪುರುಸೊತ್ತು ಇಲ್ಲದವರಿಗೆ ಅದರ ಬರಹ ಇಲ್ಲಿದೆ. ಮಾತಾಡಿದ್ದನ್ನೇ ಸ್ವಲ್ಪ ಒಪ್ಪ ಮಾಡಿ ಜೋಡಿಸಿದ್ದೀನಿ.

ಹಿಂಜೆವಾಡಿಯಲ್ಲಿ ಕೆಲಸ, ವಾಕಡದಲ್ಲಿ ಮನೆ ಇರೋ ನಮ್ಮ ಕನ್ನಡದವರು ನಾಲ್ಕು ಜನ ಸೇರಿದ್ರೆ ಒಂದು ಮಾತು ಬಂದೇ ಬರುತ್ತೆ: "ಊರಲ್ಲಿದ್ದಾಗ ಏನೂ ಇರ್ಲಿಲ್ಲ, ಇಲ್ಲಿಗೆ ಬಂದ ಮೇಲೆ ಸೀನು ಶುರುವಾಯ್ತು." ಒಬ್ಬರು ಕಟ್ಟಡದ ಧೂಳು ಅಂತಾರೆ, ಇನ್ನೊಬ್ಬರು ಎಸಿ ಅಂತಾರೆ. ಕೊನೆಗೆ ಯಾರಾದ್ರೂ ಅಲರ್ಜಿಯ ರಕ್ತಪರೀಕ್ಷೆ ಮಾಡಿಸ್ತಾರೆ. ಹಲವು ಪುಟದ ರಿಪೋರ್ಟ್ ಬರುತ್ತೆ. ಸಾಲು ಸಾಲು ಹೆಸರು, ಪಕ್ಕದಲ್ಲಿ ಅಂಕಿ, ಕೆಲವು ಕೆಂಪು, ಕೆಲವು ಹಸಿರು. ಆ ಕಾಗದಕ್ಕೆ ಅರ್ಥ ಬರಬೇಕಾದ್ರೆ ಅದರ ಚರಿತ್ರೆ ಗೊತ್ತಿರಬೇಕು. ಇವತ್ತಿನ ವಿಷಯ ಅದೇ.

ಚರ್ಮವೇ ಲ್ಯಾಬ್ ಆಗಿದ್ದ ಕಾಲ

ಮ್ಯಾಂಚೆಸ್ಟರ್‌ನಲ್ಲಿ ಚಾರ್ಲ್ಸ್ ಬ್ಲ್ಯಾಕ್ಲಿ ಅಂತ ಒಬ್ಬ ವೈದ್ಯ ಇದ್ದ. ಬೇಸಿಗೆ ಬಂದ್ರೆ ಅವನಿಗೇ ಮೂಗು ಸೋರೋದು, ಕಣ್ಣು ಉರಿಯೋದು. ಹುಲ್ಲಿನ ಪರಾಗವನ್ನ ತನ್ನ ಚರ್ಮದ ಗೀರಿನ ಮೇಲೆ ಹಚ್ಚಿಕೊಂಡು ಗಂದೆ ಏಳೋದನ್ನ ನೋಡಿದ. ಗಾಳಿಪಟಕ್ಕೆ ಅಂಟಿನ ಗಾಜು ಕಟ್ಟಿ, ಎತ್ತರದ ಗಾಳಿಯಲ್ಲೂ ಪರಾಗ ಇದೆ ಅಂತ ತೋರಿಸಿದ. ಅವನ ಪುಸ್ತಕ ಬಂದಿದ್ದು 1873ರಲ್ಲಿ. 'ಅಲರ್ಜಿ' ಅನ್ನೋ ಪದ ಆಗ ಇನ್ನೂ ಹುಟ್ಟಿರಲಿಲ್ಲ. ಅದನ್ನ ವಿಯೆನ್ನಾದ ಮಕ್ಕಳ ವೈದ್ಯ ಕ್ಲೆಮೆನ್ಸ್ ಫಾನ್ ಪಿರ್ಕೆ ಕೊಟ್ಟಿದ್ದು 1906ರಲ್ಲಿ.

ಈ ತೊಂದರೆಯ ಕಾರಣ ರಕ್ತದಲ್ಲಿದೆ ಅಂತ ತೋರಿಸಿದ್ದು 1921ರ ಒಂದು ವಿಚಿತ್ರ ಪ್ರಯೋಗ. ಹೈಂಜ್ ಕ್ಯೂಸ್ಟ್ನರ್‌ಗೆ ಮೀನು ಆಗ್ತಿರಲಿಲ್ಲ. ಅವನ ಜೊತೆಗಾರ ಕಾರ್ಲ್ ಪ್ರೌಸ್ನಿಟ್ಸ್‌ಗೆ ಮೀನಿನಿಂದ ಏನೂ ತೊಂದರೆ ಇರಲಿಲ್ಲ. ಕ್ಯೂಸ್ಟ್ನರ್‌ನ ಸೀರಂ, ಅಂದ್ರೆ ರಕ್ತದ ತಿಳಿ, ಪ್ರೌಸ್ನಿಟ್ಸ್‌ನ ಚರ್ಮಕ್ಕೆ ಚುಚ್ಚಿದ್ರು. ಮಾರನೇ ದಿನ ಅದೇ ಜಾಗಕ್ಕೆ ಮೀನಿನ ಸಾರ ಚುಚ್ಚಿದ್ರು. ಗಂದೆ ಎದ್ದಿತು! ಒಬ್ಬರ ಅಲರ್ಜಿ ಇನ್ನೊಬ್ಬರ ಚರ್ಮದ ಒಂದು ಚೂರು ಜಾಗಕ್ಕೆ ವರ್ಗ ಆಗಿತ್ತು. ಆ ಅಂಶಕ್ಕೆ 'ರಿಯಾಜಿನ್' ಅಂತ ಹೆಸರಾಯ್ತು. ಆದ್ರೆ ಅದು ಏನು ಅಂತ ತಿಳಿಯೋಕೆ ಇನ್ನೂ 45 ವರ್ಷ ಬೇಕಾಯ್ತು.

ಐಜಿಇ ಸಿಕ್ಕಿದ ಬಗೆ

ತಡ ಯಾಕೆ ಆಯ್ತು ಅಂದ್ರೆ, ಅದರ ಪ್ರಮಾಣ ತೀರಾ ಕಮ್ಮಿ. ನಮ್ಮ ಒಂದು ಲೀಟರ್ ಸೀರಂನಲ್ಲಿ ಐಜಿಜಿ ಅನ್ನೋ ಮಾಮೂಲಿ ಪ್ರತಿಕಾಯ ಸುಮಾರು 10 ಗ್ರಾಂ ಇರುತ್ತೆ. ಈ ರಿಯಾಜಿನ್ ಇರೋದು ಮೈಕ್ರೋಗ್ರಾಂ ಲೆಕ್ಕದಲ್ಲಿ. 1966ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಕಿಮಿಶಿಗೆ ಮತ್ತು ತೆರುಕೋ ಇಶಿಜಾಕಾ ದಂಪತಿ ಇದು ಬೇರೆಯೇ ಒಂದು ಪ್ರತಿಕಾಯ ಅಂತ ತೋರಿಸಿದ್ರು. ಅವರು ಬಳಸಿದ್ದು ರಾಗ್‌ವೀಡ್ ಅನ್ನೋ ಕಳೆಯ ಪರಾಗ ಆಗದವರ ಸೀರಂ. ಈ ರಾಗ್‌ವೀಡ್ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಅದೇ ಹೊತ್ತಿಗೆ ಸ್ವೀಡನ್‌ನ ಉಪ್ಸಾಲಾದಲ್ಲಿ ಹಾನ್ಸ್ ಬೆನ್ನಿಕ್ ಮತ್ತು ಎಸ್.ಜಿ.ಒ. ಯೊಹಾನ್ಸನ್ ಅವರಿಗೆ ಮೈಲೋಮಾ ಅನ್ನೋ ಕ್ಯಾನ್ಸರ್ ಇದ್ದ ಒಬ್ಬ ರೋಗಿಯ ರಕ್ತದಲ್ಲಿ ಗುರುತು ಸಿಗದ ಪ್ರೋಟೀನ್ ರಾಶಿ ರಾಶಿ ಸಿಕ್ಕಿತು. ಎರಡೂ ಒಂದೇ ಅಂತ ಖಚಿತವಾಗಿ 1968ರಲ್ಲಿ ಐಜಿಇ ಅಂತ ಹೆಸರಿಟ್ಟರು. ಆ ರೋಗಿಯ ರಕ್ತದಿಂದ ಇನ್ನೊಂದು ದೊಡ್ಡ ಲಾಭ ಆಯ್ತು. ಪ್ರೋಟೀನ್ ಬೇಕಾದಷ್ಟು ಸಿಕ್ಕಿದ್ದರಿಂದ ಐಜಿಇಯನ್ನ ಹಿಡಿಯೋ ಪ್ರತಿಕಾಯ ತಯಾರಿಸೋಕೆ ಆಯ್ತು.

ಅದನ್ನ ಇಟ್ಟುಕೊಂಡು ಲೀಫ್ ವೀಡೆ, ಬೆನ್ನಿಕ್, ಯೊಹಾನ್ಸನ್ 1967ರಲ್ಲಿ ರಾಸ್ಟ್ ಪರೀಕ್ಷೆ ಪ್ರಕಟಿಸಿದ್ರು. ಕ್ರಮ ಸರಳ. ಪರಾಗದ ಸಾರವನ್ನ ಒಂದು ಘನವಸ್ತುವಿಗೆ ಅಂಟಿಸೋದು. ಅದರ ಮೇಲೆ ರೋಗಿಯ ಸೀರಂ ಹಾಕೋದು. ಆ ಪರಾಗಕ್ಕೇ ಅಂತ ಐಜಿಇ ಇದ್ರೆ ಅಂಟಿಕೊಳ್ಳುತ್ತೆ, ಉಳಿದದ್ದು ತೊಳೆದು ಹೋಗುತ್ತೆ. ಆಮೇಲೆ ವಿಕಿರಣದ ಗುರುತು ಹಚ್ಚಿದ ಐಜಿಇ-ವಿರೋಧಿ ಪ್ರತಿಕಾಯ ಹಾಕಿ, ಎಷ್ಟು ಅಂಟಿತು ಅಂತ ಎಣಿಸೋದು. ಈಗ ವಿಕಿರಣದ ಬದಲು ಕಿಣ್ವ, ಹೊಳೆಯೋ ಬಣ್ಣ ಬಂದಿವೆ. ತರ್ಕ ಮಾತ್ರ ಇವತ್ತಿಗೂ ಅದೇ.

ಇಲ್ಲಿ ಗಮನಿಸಬೇಕಾದ್ದು ಒಂದಿದೆ. ಅಂಟಿಸದೇ ಇರೋ ವಸ್ತುವಿನ ಬಗ್ಗೆ ಈ ಪರೀಕ್ಷೆ ಏನೂ ಹೇಳಲ್ಲ. ನಮ್ಮ ಭಾಷೆಯಲ್ಲೇ ಹೇಳ್ತೀನಿ: ಟೆಸ್ಟ್ ಕೇಸ್ ಬರೆದಿಲ್ಲ ಅಂದ ಮಾತ್ರಕ್ಕೆ ಬಗ್ ಇಲ್ಲ ಅಂತ ಅಲ್ಲ.

ಪುಣೆಯ ತಿಪ್ಪೆಯಿಂದ ಬೆಂಗಳೂರಿನ ಲ್ಯಾಬ್‌ಗೆ

ಈಗ ನಮ್ಮ ಊರಿನ ಕಥೆ. ವಾಕಡದ ಯಾವ ಖಾಲಿ ಸೈಟ್ ನೋಡಿದ್ರೂ ಮಳೆಗಾಲದಲ್ಲಿ ಸೊಂಟದೆತ್ತರ ಒಂದು ಗಿಡ ಇರುತ್ತೆ. ಕ್ಯಾರೆಟ್ ಎಲೆ ಥರ ಎಲೆ, ಪುಟ್ಟ ಬಿಳಿ ಹೂವು. ಇಲ್ಲಿನವರು ಗಾಜರ್ ಗವತ್ ಅಂತಾರೆ, ನಾವು ಕಾಂಗ್ರೆಸ್ ಗಿಡ ಅಂತೀವಿ. ಅದೇ ಪಾರ್ಥೇನಿಯಂ. ಮೂಲ ಅಮೆರಿಕ ಖಂಡ. ಭಾರತದಲ್ಲಿ ಇದನ್ನ ಕಳೆಯಾಗಿ ಮೊದಲು ಗಮನಿಸಿದ್ದು ಇದೇ ಪುಣೆಯಲ್ಲಿ: 1951ರಲ್ಲಿ ಪ್ರೊಫೆಸರ್ ಪರಾಂಜಪೆ ತಿಪ್ಪೆಗಳ ಮೇಲೆ ಕಂಡರು, 1956ರಲ್ಲಿ ಆರ್.ಎಸ್. ರಾವ್ ವರದಿ ಮಾಡಿದ್ರು. ಪಿಎಲ್-480 ಗೋಧಿಯ ಜೊತೆ ಬಂತು ಅನ್ನೋದು ಎಲ್ಲರೂ ಹೇಳೋ ಮಾತು. ಆದ್ರೆ ಆ ಕಾನೂನು ಬಂದಿದ್ದೇ 1954ರಲ್ಲಿ. ಹಾಗಾಗಿ ಬೀಜವನ್ನ ಮೊದಲು ತಂದಿದ್ದು ಆ ಗೋಧಿ ಅಂತ ಹೇಳೋಕೆ ತಾರೀಖು ಬಿಡಲ್ಲ.

ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತೆ. ಕೆಲವೇ ವರ್ಷದಲ್ಲಿ ದೇಶವೆಲ್ಲ ಹಬ್ಬಿತು. ಕರ್ನಾಟಕ ಸರ್ಕಾರ 1975ರಲ್ಲಿ ಇದನ್ನ ಕಾನೂನಿನ ಪ್ರಕಾರ ಹಾನಿಕರ ಕಳೆ ಅಂತ ಘೋಷಿಸಿತು. 1984ರಲ್ಲಿ ಬೆಂಗಳೂರಿನ ಸುತ್ತ ಮೆಕ್ಸಿಕೋದಿಂದ ತಂದ ಜೀರುಂಡೆ ಬಿಟ್ಟು ತಿನ್ನಿಸಿ ನೋಡಿದ್ದೂ ಆಯ್ತು. ಗಿಡ ಮಾತ್ರ ಇನ್ನೂ ಇಲ್ಲೇ ಇದೆ.

ಈ ಗಿಡ ಜನರನ್ನ ಎರಡು ಬೇರೆ ಬೇರೆ ದಾರಿಯಲ್ಲಿ ಕಾಡುತ್ತೆ. ಒಂದು ಚರ್ಮದ ಕಾಯಿಲೆ. ಪಾರ್ಥೆನಿನ್ ಅನ್ನೋ ರಾಸಾಯನಿಕ ಇರೋ ಗಿಡದ ಒಣಪುಡಿ ಗಾಳಿಯಲ್ಲಿ ಬಂದು ಮುಖ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಕೂತು ತುರಿ, ಉರಿ ಎಬ್ಬಿಸುತ್ತೆ. ಪುಣೆಯ ಲೋಣ್ಕರ್ ಅವರು ಮಿಚೆಲ್ ಮತ್ತು ಕಾಲ್ನನ್ ಜೊತೆ 1974ರಲ್ಲಿ ಇದರ ಬಗ್ಗೆ ಬರೆದ ಲೇಖನ ಪ್ರಸಿದ್ಧ. ಇದು ಐಜಿಇ ಕೆಲಸ ಅಲ್ಲ, ಟಿ ಕೋಶಗಳ ಕೆಲಸ. ಅಂದ್ರೆ ನಾವು ಮಾತಾಡ್ತಿರೋ ರಕ್ತಪರೀಕ್ಷೆಯಲ್ಲಿ ಇದು ಸಿಗೋದೇ ಇಲ್ಲ. ಇದಕ್ಕೆ ಬೆನ್ನಿಗೆ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡೋ ಪ್ಯಾಚ್ ಟೆಸ್ಟ್ ಬೇಕು.

ಇನ್ನೊಂದು ಮೂಗಿನ ಕಾಯಿಲೆ, ಪರಾಗದಿಂದ ಬರೋದು. ಇದನ್ನ ಬಿಡಿಸಿದ್ದು ನಮ್ಮ ಬೆಂಗಳೂರು. ಭಾರತೀಯ ವಿಜ್ಞಾನ ಸಂಸ್ಥೆ, ಅಂದ್ರೆ ನಮ್ಮ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಪಿ.ವಿ. ಸುಬ್ಬರಾವ್ ಅವರ ತಂಡ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರೀಕ್ಷಿಸಿದ ಮೂಗಿನ ಅಲರ್ಜಿಯವರಲ್ಲಿ 34% ಜನಕ್ಕೆ, ಆಸ್ತಮಾ ಇದ್ದವರಲ್ಲಿ 12% ಜನಕ್ಕೆ ಪಾರ್ಥೇನಿಯಂ ಪರಾಗದ ಚರ್ಮ ಪರೀಕ್ಷೆ ಪಾಸಿಟಿವ್ ಬಂತು. 24 ರೋಗಿಗಳ ಸೀರಂ ನೋಡಿದಾಗ 16 ಜನರಲ್ಲಿ ಅದಕ್ಕೇ ಮೀಸಲಾದ ಐಜಿಇ ಸಿಕ್ಕಿತು. 1993ರಲ್ಲಿ ಶ್ರೀರಾಮರಾವ್ ಮತ್ತು ಸುಬ್ಬರಾವ್ ಇನ್ನೊಂದು ವಿಷಯ ತೋರಿಸಿದ್ರು: ಪಾರ್ಥೇನಿಯಂಗೆ ಹುಟ್ಟಿದ ಐಜಿಇ ರಾಗ್‌ವೀಡ್ ಪರಾಗವನ್ನೂ ಹಿಡಿಯುತ್ತೆ. ಎರಡೂ ಸೂರ್ಯಕಾಂತಿಯ ಕುಟುಂಬದ ಗಿಡಗಳು. ಇಶಿಜಾಕಾ ದಂಪತಿಗೆ ಐಜಿಇ ತೋರಿಸಿಕೊಟ್ಟ ಕಳೆಯ ದಾಯಾದಿಯೇ ನಮ್ಮ ಸೈಟ್‌ಗಳಲ್ಲಿ ಬೆಳೀತಾ ಇರೋದು!

ಸಾರದಿಂದ ಅಣುವಿಗೆ

ಪರಾಗದ ಸಾರ ಅಂದ್ರೆ ಹತ್ತಾರು ಪ್ರೋಟೀನ್‌ಗಳ ಹುಳಿ ಇದ್ದ ಹಾಗೆ. ಯಾವ ತರಕಾರಿ ಆಗಲ್ಲ ಅಂತ ಹುಳಿ ಕುಡಿದು ಹೇಳೋದು ಕಷ್ಟ. 1989ರಲ್ಲಿ ಬರ್ಚ್ ಮರದ ಪರಾಗದ ಮುಖ್ಯ ಅಲರ್ಜಿ ಪ್ರೋಟೀನ್ 'ಬೆಟ್ ವಿ 1'ರ ಜೀನ್ ಕ್ಲೋನ್ ಮಾಡಿದ ವರದಿ ಬಂದ ಮೇಲೆ, ಒಂದೊಂದೇ ಅಣುವನ್ನ ಬಿಡಿಯಾಗಿ ಪರೀಕ್ಷಿಸೋ ಕಾಲ ಶುರುವಾಯ್ತು. ಧೂಳಿನ ನುಸಿಗೆ ಡೆರ್ ಪಿ 1, ಡೆರ್ ಪಿ 2, ಡೆರ್ ಪಿ 23. ಪಾರ್ಥೇನಿಯಂಗೂ ಸುಬ್ಬರಾವ್ ಅವರ ತಂಡವೇ ಅಮೆರಿಕದ ವಿಜ್ಞಾನಿಗಳ ಜೊತೆ 1996ರಲ್ಲಿ ಮುಖ್ಯ ಅಣು ಗುರುತಿಸಿತು. ಹೆಸರು ಪಾರ್ ಎಚ್ 1.

ಅಣು ನೋಡೋದ್ರಿಂದ ಏನು ಲಾಭ? ನುಸಿಯಲ್ಲಿ ಡೆರ್ ಪಿ 10 ಅಂತ ಇನ್ನೊಂದು ಅಣು ಇದೆ. ಅದು ಟ್ರೋಪೋಮಯೋಸಿನ್. ಸಿಗಡಿಯಲ್ಲೂ, ಜಿರಳೆಯಲ್ಲೂ ಹೆಚ್ಚುಕಮ್ಮಿ ಅದೇ ಇರುತ್ತೆ. ಧರ್ಮದ ಕಾರಣಕ್ಕೆ ಸಿಗಡಿ ಮುಟ್ಟದ, ಆದ್ರೆ ನುಸಿ ಅಲರ್ಜಿ ಇದ್ದ ಯಹೂದಿಗಳಲ್ಲೂ ಸಿಗಡಿ ಐಜಿಇ ಕಂಡಿದ್ದು 2003ರಲ್ಲಿ ವರದಿಯಾಗಿದೆ. ಹಾಗಾಗಿ ಹುಟ್ಟಾ ಸಸ್ಯಾಹಾರಿಯ ರಿಪೋರ್ಟ್‌ನಲ್ಲಿ ಸಿಗಡಿ ಕೆಂಪಾಗಿದ್ರೆ ಲ್ಯಾಬ್‌ನವರು ಸ್ಯಾಂಪಲ್ ಅದಲುಬದಲು ಮಾಡಿದ್ರು ಅಂತ ಜಗಳಕ್ಕೆ ಹೋಗಬೇಡಿ. ಬಿಡಿ ಅಣುವಿನ ಪರೀಕ್ಷೆ ಇಂಥ ಗೊಂದಲವನ್ನ ಬಿಡಿಸುತ್ತೆ.

ಹಾಗಾದ್ರೆ ರಿಪೋರ್ಟ್ ಓದೋದು ಹೇಗೆ?

ನಾನು ಡಾಕ್ಟರ್ ಅಲ್ಲ, ಇಂಜಿನಿಯರ್. ಔಷಧಿ ಹೇಳಲ್ಲ. ಆದ್ರೆ ಈ ಚರಿತ್ರೆಯಿಂದ ನೇರವಾಗಿ ಬರೋ ಮೂರು ಪ್ರಶ್ನೆ ಹೇಳ್ತೀನಿ.

ಒಂದು, ಪಟ್ಟಿಯಲ್ಲಿ ಏನಿದೆ? ಈ ಪರೀಕ್ಷೆ ಬೆಳೆದಿದ್ದು ಯುರೋಪ್, ಅಮೆರಿಕದಲ್ಲಿ. ಬರ್ಚ್ ಮರ, ಟಿಮೊಥಿ ಹುಲ್ಲು ಅಲ್ಲಿನವು. ನಮ್ಮ ಮನೆಗೆ ಒಮ್ಮೆ ಬಂದ ರಿಪೋರ್ಟ್‌ನಲ್ಲಿ ಬರ್ಚ್ ಇತ್ತು, ಪಾರ್ಥೇನಿಯಂ ಇರಲಿಲ್ಲ. ಪರಾಗ ಎಲ್ಲಾ ಹಸಿರು! ದುಡ್ಡು ಕಟ್ಟೋ ಮೊದಲೇ ಪಟ್ಟಿ ಕೇಳಿ. ರಾಗ್‌ವೀಡ್ ಮಾತ್ರ ಇದ್ದು ಅದು ಪಾಸಿಟಿವ್ ಬಂದ್ರೆ, ವಾಕಡದಲ್ಲಿ ಅನುಮಾನ ಕಾಂಗ್ರೆಸ್ ಗಿಡದ ಮೇಲೂ ಹೋಗಬೇಕು.

ಎರಡು, ಅಂಕಿಗೂ ಕಷ್ಟಕ್ಕೂ ತಾಳೆ ಇದೆಯಾ? 0.35 ಅನ್ನೋದು ಹಳೇ ಕಾಲದಿಂದ ಬಂದ ಗಡಿ. ಈಗಿನ ಯಂತ್ರಗಳು 0.10ರವರೆಗೂ ಅಳೀತವೆ. ಆ ಗಡಿ ದಾಟಿದ್ರೆ ಆ ವಸ್ತುವನ್ನ ಹಿಡಿಯೋ ಐಜಿಇ ರಕ್ತದಲ್ಲಿದೆ ಅಂತ ಅರ್ಥ. ಕಾಯಿಲೆ ಇದೆ ಅಂತ ಅಲ್ಲ. ಯಾವ ತಿಂಗಳು ಜಾಸ್ತಿ, ಮನೆಯೊಳಗಾ ಹೊರಗಾ, ಹಾಸಿಗೆ ಕೊಡವಿದಾಗಲಾ ಅನ್ನೋದನ್ನ ಬರೆದಿಟ್ಟು ಡಾಕ್ಟರ್‌ಗೆ ತೋರಿಸಿ. ಕೆಂಪು ಅಂಕಿ ಒಂದನ್ನೇ ನೋಡಿ ಮಗುವಿನ ಹಾಲು, ಗೋಧಿ ನಿಲ್ಲಿಸಿದ್ರೆ ನಷ್ಟ ಮಗುವಿಗೆ.

ಮೂರು, ಅಳೆದಿದ್ದು ಐಜಿಇನಾ ಐಜಿಜಿನಾ? ಆಹಾರದ ಹೆಸರಿನಲ್ಲಿ ಮಾರೋ ಐಜಿಜಿ ಪ್ಯಾಕೇಜ್‌ಗಳಿಂದ ಅಲರ್ಜಿ ಪತ್ತೆ ಆಗಲ್ಲ. ಊಟ ಮಾಡೋ ಎಲ್ಲರಲ್ಲೂ ಅದು ಇರುತ್ತೆ.

ಚರ್ಮಕ್ಕೆ ಚುಚ್ಚಿ ನೋಡೋ ಪರೀಕ್ಷೆ ಇವತ್ತಿಗೂ ಇದೆ. ಅರ್ಧ ಗಂಟೆಯೊಳಗೆ ಉತ್ತರ ಸಿಗುತ್ತೆ, ಆದ್ರೆ ಕೆಲವು ದಿನ ಮೊದಲೇ ಅಲರ್ಜಿ ಮಾತ್ರೆ ನಿಲ್ಲಿಸಬೇಕು. ರಕ್ತಪರೀಕ್ಷೆಗೆ ಆ ತಾಪತ್ರಯ ಇಲ್ಲ. ಎರಡರಲ್ಲಿ ಯಾವುದು ಅನ್ನೋದು ಡಾಕ್ಟರ್ ಹತ್ರ ಮಾತಾಡಿ ತೀರ್ಮಾನ ಮಾಡಿ. ಸೊಸೈಟಿ ಮೀಟಿಂಗ್‌ನಲ್ಲಿ ಪಕ್ಕದ ಸೈಟ್‌ನ ಗಿಡ ಹೂ ಬಿಡೋ ಮೊದಲೇ ಕೀಳಿಸೋ ಮಾತನ್ನೂ ಎತ್ತಿ. ಕೀಳೋರಿಗೆ ಕೈಗವಸು, ಮಾಸ್ಕ್ ಕೊಡೋದು ಮರೀಬೇಡಿ. ಆ ಚರ್ಮದ ಕಾಯಿಲೆ ಅವರಿಗೂ ಬರಬಾರದು.

ಪ್ರಶ್ನೆ ಇದ್ರೆ ಕೇಳಿ. ಮುಂದಿನ ವಾರ ಸಿಗೋಣ.