ಗಣಿಯೊಳಗಿನ ವಿದ್ಯಾಪೀಠ

ಭೂಮಿಯು ತನ್ನ ಗರ್ಭದಲ್ಲಿ ಅಡಗಿಸಿಟ್ಟಿರುವ ದ್ರವ್ಯವನ್ನು ಮನುಷ್ಯನು ಅನಾದಿಕಾಲದಿಂದಲೂ ಅಗೆದು ತೆಗೆಯುತ್ತ ಬಂದಿರುವನು. ಆದರೆ ಅಗೆಯುವ ಕೈಗೂ ಅರಿಯುವ ಬುದ್ಧಿಗೂ ಬಹುಕಾಲದ ಪರ್ಯಂತ ನಂಟಿರಲಿಲ್ಲ. ಓದಿದವರು ಗಣಿಗೆ ಇಳಿಯುತ್ತಿರಲಿಲ್ಲ. ಗಣಿಗೆ ಇಳಿದವರಿಗೆ ಓದು ದೊರೆಯುತ್ತಿರಲಿಲ್ಲ. ಈ ಎರಡನ್ನೂ ಒಂದೆಡೆ ಕೂಡಿಸಿದ ವಿದ್ಯಾಸಂಸ್ಥೆಗಳ ಪಂಕ್ತಿಯಲ್ಲಿ ಜರ್ಮನಿಯ ಸ್ಯಾಕ್ಸನಿ ಪ್ರಾಂತಕ್ಕೆ ಸೇರಿದ ಫ್ರೈಬರ್ಗ್ ಪಟ್ಟಣದ ಗಣಿವಿದ್ಯಾಪೀಠವು ಅಗ್ರಗಣ್ಯವಾದುದು. 1765ರಲ್ಲಿ ಹುಟ್ಟಿ ಇಂದಿಗೂ ನಡೆದುಬರುತ್ತಿರುವ ಈ ಸಂಸ್ಥೆಯ ಚರಿತ್ರೆಯನ್ನು ನೋಡಿದರೆ, ವಿದ್ಯಾರ್ಥಿಗಳು ಕೈಕೊಳ್ಳುವ ಶೋಧನೆಯು ಯಾವ ನೆಲದಲ್ಲಿ ಬೇರುಬಿಟ್ಟು ಫಲಕೊಡುವುದೆಂಬುದು ಚೆನ್ನಾಗಿ ತಿಳಿದುಬರುತ್ತದೆ.

ಫ್ರೈಬರ್ಗಿನ ಸೀಮೆಯಲ್ಲಿ ಬೆಳ್ಳಿಯ ಅದಿರು ಕಾಣಿಸಿಕೊಂಡುದು 1168ರ ಸುಮಾರಿನಲ್ಲಿ. ಸುದ್ದಿಯು ಹಬ್ಬಿದೊಡನೆ ಗಣಿಕಾರರು ನಾನಾ ಕಡೆಗಳಿಂದ ಬಂದು ನೆಲೆಸಿದರು. ಕಾಡಿದ್ದ ಕಡೆಯಲ್ಲಿ ಪಟ್ಟಣವೆದ್ದಿತು. ಮೇಲ್ಪದರದ ಅದಿರು ತೀರಿದಂತೆಲ್ಲ ಗಣಿಗಳು ಆಳಕ್ಕೆ ಇಳಿದವು. ಆಳಕ್ಕೆ ಇಳಿದಂತೆಲ್ಲ ನೀರು ಒಸರಿತು, ಗಾಳಿ ಕೆಟ್ಟಿತು, ಬಂಡೆ ಕುಸಿಯಿತು. ಈ ಕಷ್ಟಗಳಿಗೆ ಗಣಿಕಾರರು ಪೀಳಿಗೆಯಿಂದ ಪೀಳಿಗೆಗೆ ಕಂಡುಕೊಂಡ ಉಪಾಯಗಳನ್ನೂ ಯಂತ್ರಗಳನ್ನೂ ಸ್ಯಾಕ್ಸನಿಯಲ್ಲಿ ವೈದ್ಯನಾಗಿದ್ದ ಜಾರ್ಜಿಯಸ್ ಅಗ್ರಿಕೋಲನು ಒಂದು ಗ್ರಂಥವಾಗಿ ಬರೆದಿಟ್ಟನು. ಆತನು ತೀರಿಕೊಂಡ ಮರುವರ್ಷ, ಎಂದರೆ 1556ರಲ್ಲಿ, ಅದು ಅಚ್ಚಾಗಿ ಹೊರಬಿದ್ದಿತು. ತರುವಾಯ 1702ರಲ್ಲಿ, ಅದಿರಿನ ಪರೀಕ್ಷೆಯನ್ನೂ ಗಣಿಯ ಮೋಜಣಿಯನ್ನೂ ಕಲಿಯುವ ಹುಡುಗರಿಗೆ ಸಹಾಯವಾಗಲೆಂದು ಫ್ರೈಬರ್ಗಿನಲ್ಲಿ ಒಂದು ವಿದ್ಯಾರ್ಥಿವೇತನ ನಿಧಿಯು ಸ್ಥಾಪಿತವಾಯಿತು. ವಿದ್ಯಾಪೀಠಕ್ಕೆ ಅಸ್ತಿಭಾರವು ಬಿದ್ದುದು ಅಂದೇ ಎನ್ನಬಹುದು.

ಆ ದಿನಗಳಲ್ಲಿಯೇ ಅಲ್ಲಿಗೆ ದೂರದ ವಿದ್ಯಾರ್ಥಿಗಳು ಬರತೊಡಗಿದ್ದರು. 1739ರಲ್ಲಿ ರಷ್ಯಾದೇಶದಿಂದ ಕಳುಹಿಸಲ್ಪಟ್ಟು ಬಂದವರಲ್ಲಿ ಉತ್ತರಸಮುದ್ರತೀರದ ಬೆಸ್ತನೊಬ್ಬನ ಮಗನಾದ ಮಿಖಾಯಿಲ್ ಲೊಮೊನೊಸೊವ್ ಒಬ್ಬನು. ಆತನು ಹೆಂಕೆಲ್ ಎಂಬ ಪಂಡಿತನ ರಸಾಯನಶಾಲೆಯಲ್ಲಿ ಕಲಿತನು. ಗುರುವಿನೊಡನೆ ಜಗಳವಾಡಿ 1740ರಲ್ಲಿ ಊರು ಬಿಟ್ಟು ಹೋದನು. ಹೋದರೇನು, ಕಲಿತ ವಿದ್ಯೆಯು ಅವನನ್ನು ಬಿಡಲಿಲ್ಲ. 1763ರಲ್ಲಿ ಲೋಹವಿದ್ಯೆಯ ಮೂಲತತ್ತ್ವಗಳನ್ನು ಕುರಿತು ಆತನು ತನ್ನ ದೇಶಭಾಷೆಯಲ್ಲಿಯೇ ಗ್ರಂಥವನ್ನು ಪ್ರಕಟಿಸಿದನು.

ಅದೇ 1763ರಲ್ಲಿ ಯೂರೋಪಿನ ಏಳು ವರ್ಷಗಳ ಯುದ್ಧವು ಮುಗಿಯಿತು. ಸ್ಯಾಕ್ಸನಿಯು ಸೋತು ಸುಣ್ಣವಾಗಿದ್ದಿತು, ಬೊಕ್ಕಸವು ಬರಿದಾಗಿದ್ದಿತು. ಇಂತಹ ಕಾಲದಲ್ಲಿ ವಿದ್ಯೆಯ ವೆಚ್ಚವನ್ನು ಮೊದಲು ಕಡಿಯುವುದು ರಾಜ್ಯಗಳ ವಾಡಿಕೆ. ಆದರೆ ಗಣಿಯಿಲಾಖೆಯ ಮುಖ್ಯಾಧಿಕಾರಿಗಳಾದ ಓಪೆಲ್ ಮತ್ತು ಹೈನಿಟ್ಸ್ ಎಂಬ ಇಬ್ಬರು ಮಹನೀಯರು ಬೇರೆಯೇ ಬಗೆದರು. ದೇಶವು ಮತ್ತೆ ತಲೆಯೆತ್ತಬೇಕಾದರೆ ಗಣಿಗಳು ಚೇತರಿಸಬೇಕು, ಗಣಿಗಳು ಚೇತರಿಸಬೇಕಾದರೆ ಅವನ್ನು ಬಲ್ಲವರು ಬೇಕು ಎಂಬುದು ಅವರ ನಿಶ್ಚಯವಾಗಿದ್ದಿತು. ಅವರ ಸೂಚನೆಗೆ 1765ನೆಯ ನವೆಂಬರ್ ತಿಂಗಳಿನಲ್ಲಿ ಒಪ್ಪಿಗೆ ದೊರೆತು, ಮರುವರ್ಷ ಪಾಠಗಳು ಆರಂಭವಾದವು. ಬಡ ಹುಡುಗರ ಓದಿನ ವೆಚ್ಚವನ್ನು ಸರಕಾರವೇ ವಹಿಸಿಕೊಂಡಿತು.

ವಿದ್ಯಾಪೀಠದ ಕೀರ್ತಿಯನ್ನು ದೇಶಾಂತರಗಳಿಗೆ ಹಬ್ಬಿಸಿದವನು ಅಬ್ರಹಾಮ್ ವೆರ್ನರ್. ಈತನು ಮೊದಲು ಇಲ್ಲಿಯೇ ವಿದ್ಯಾರ್ಥಿಯಾಗಿದ್ದು, ಮುಂದೆ ಲೈಪ್‌ಜಿಗ್ ಪಟ್ಟಣದಲ್ಲಿ ಓದುತ್ತಿರುವಾಗಲೇ, ಖನಿಜಗಳನ್ನು ಅವುಗಳ ಬಣ್ಣ, ಹೊಳಪು, ಗಡುಸು ಮೊದಲಾದ ಹೊರಲಕ್ಷಣಗಳಿಂದ ಗುರುತಿಸುವ ಕ್ರಮವನ್ನು ಕುರಿತು 1774ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದನು. ಆಗ ಆತನಿಗೆ ಇಪ್ಪತ್ತೈದು ವರ್ಷವೂ ತುಂಬಿರಲಿಲ್ಲ. ವಿದ್ಯಾರ್ಥಿಯ ಆ ಗ್ರಂಥವೇ ಆತನಿಗೆ ಮರುವರ್ಷ ಫ್ರೈಬರ್ಗಿನ ಗುರುಪೀಠವನ್ನು ದೊರಕಿಸಿತು. 1817ರಲ್ಲಿ ಕಾಲವಾಗುವವರೆಗೂ ಆತನು ಅಲ್ಲಿಯೇ ಪಾಠ ಹೇಳಿದನು. ಸ್ಪೇನಿನ ಎಲ್‌ಹೂಯಾರ್ ಸಹೋದರರು ಫ್ರೈಬರ್ಗಿನಲ್ಲಿ ಕಲಿತು ಹೋಗಿ 1783ರಲ್ಲಿ ಟಂಗ್‌ಸ್ಟನ್ ಲೋಹವನ್ನು ಬೇರ್ಪಡಿಸಿದರು. ಅದೇ ದೇಶದ ಡೆಲ್ ರಿಯೋ ಎಂಬುವನು ಇಲ್ಲಿಯ ಶಿಕ್ಷಣವನ್ನು ಪಡೆದು, ಮೆಕ್ಸಿಕೋದಲ್ಲಿ ಅಧ್ಯಾಪಕನಾಗಿ, 1801ರಲ್ಲಿ ವನೇಡಿಯಂ ಧಾತುವನ್ನು ಕಂಡುಹಿಡಿದನು.

ವೆರ್ನರನ ಶಿಷ್ಯರೊಳಗೆ ಜಗತ್ತೇ ಬಲ್ಲವನು ಅಲೆಕ್ಸಾಂಡರ್ ಫಾನ್ ಹುಂಬೋಲ್ಟ್. 1791ನೆಯ ಜೂನಿನಲ್ಲಿ, ತನ್ನ ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಈತನು ಫ್ರೈಬರ್ಗಿಗೆ ಬಂದನು. ಸೂರ್ಯೋದಯಕ್ಕೆ ಮುನ್ನವೇ ಎದ್ದು ಗಣಿಗೆ ಇಳಿದು ಕೆಲವು ತಾಸು ಅಲ್ಲಿದ್ದು, ಮಧ್ಯಾಹ್ನದ ಮೇಲೆ ಪಾಠಗಳನ್ನು ಕೇಳುವುದು ಅವನ ದಿನಚರಿಯಾಗಿದ್ದಿತು. ಸಿರಿವಂತರ ಮನೆಯ ಹುಡುಗನಾದರೂ ಮಸಿಬಟ್ಟೆಯುಟ್ಟು ಏಣಿಯಿಳಿಯಲು ನಾಚಲಿಲ್ಲ. ಬಿಸಿಲು ಸುಳಿಯದ ಸುರಂಗಗಳ ಮರದ ಆನಿಕೆಗಳ ಮೇಲೆ ಬೆಳೆಯುತ್ತಿದ್ದ ಅಣಬೆ, ಕಲ್ಲುಹೂವು ಮೊದಲಾದ ಸಸ್ಯಗಳು ಅವನ ಕಣ್ಣಿಗೆ ಬಿದ್ದವು. ಗಣಿಕಾರರು ನಿತ್ಯವೂ ಕಾಣುತ್ತಿದ್ದ, ಪಂಡಿತರಾರೂ ಕಾಣದಿದ್ದ ಆ ಪಾತಾಳದ ತೋಟವನ್ನು ಆತನು ಪರೀಕ್ಷಿಸಿ 1793ರಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಗ್ರಂಥವನ್ನು ಹೊರಡಿಸಿದನು. ಎಂಟು ತಿಂಗಳ ವಿದ್ಯಾರ್ಥಿದಶೆಯ ಫಲವಿದು.

ಗಣಿಯೊಳಗೆ ಕಳೆದ ಆ ಬೆಳಗುಗಳು ಹುಂಬೋಲ್ಟನಿಗೆ ಸಸ್ಯಗಳಿಗಿಂತಲೂ ಮುಖ್ಯವಾದುದೊಂದನ್ನು ತೋರಿಸಿಕೊಟ್ಟಿದ್ದವು. ಅದು ಗಣಿಕಾರನ ಬಾಳು. 1792ರಲ್ಲಿ ಪ್ರಷ್ಯಾ ಸರಕಾರದ ಗಣಿಯಿಲಾಖೆಯನ್ನು ಸೇರಿದ ತರುವಾಯ, ಆತನು ಸ್ಟೇಬನ್ ಎಂಬ ಊರಿನಲ್ಲಿ ಗಣಿಕಾರರಿಗಾಗಿ 1793ರಲ್ಲಿ ಉಚಿತವಾದ ಪಾಠಶಾಲೆಯನ್ನು ತನ್ನ ಸ್ವಂತ ಹಣದಿಂದ ತೆರೆದನು. ಕೆಟ್ಟ ಗಾಳಿಯಲ್ಲಿ ದೀಪ ನಂದಿ, ದೀಪ ನಂದಿದೆಡೆಯಲ್ಲಿ ಮನುಷ್ಯನೂ ನಂದಿಹೋಗುತ್ತಿದ್ದುದನ್ನು ನೋಡಿ, ಅಂತಹ ಗಾಳಿಯಲ್ಲಿಯೂ ಉರಿಯುವ ದೀಪವನ್ನೂ ಉಸಿರಾಟಕ್ಕೆ ಸಹಾಯಕವಾದ ಸಲಕರಣೆಯನ್ನೂ ರಚಿಸಿದನು. 1796ರಲ್ಲಿ ಬೆರ್ನೆಕ್ ಎಂಬಲ್ಲಿಯ ಗಣಿಯೊಂದರಲ್ಲಿ ಆ ದೀಪವನ್ನು ತಾನೇ ಪರೀಕ್ಷಿಸಲು ಹೋದಾಗ ಅದು ಉರಿಯುತ್ತಲೇ ಇದ್ದಿತು. ಹಿಡಿದವನು ಮಾತ್ರ ಮೂರ್ಛೆಹೋಗಿ ಬಿದ್ದನು. ಜೊತೆಯವರು ಎಳೆದುತಂದುದರಿಂದ ಜೀವವುಳಿಯಿತು. ಪರರ ಪ್ರಾಣಕ್ಕೆಂದು ಮಾಡಿದ ಉಪಕರಣವನ್ನು ಮೊದಲು ತನ್ನ ಪ್ರಾಣದ ಮೇಲೆ ಪರೀಕ್ಷಿಸಿದ ಈ ಸಂಗತಿಯು ಫ್ರೈಬರ್ಗಿನ ಶಿಕ್ಷಣವು ಎಂತಹುದೆಂಬುದಕ್ಕೆ ಸಾಕ್ಷಿಯಾಗಿದೆ.

ಗುರುವಿನ ಮಾತನ್ನೇ ಪರೀಕ್ಷಿಸುವ ಧೈರ್ಯವೂ ಆ ಶಿಕ್ಷಣದೊಳಗೆ ಸೇರಿದ್ದಿತು. ಬಸಾಲ್ಟ್ ಶಿಲೆಯೂ ಸೇರಿ ಬಹುತೇಕ ಶಿಲೆಗಳೆಲ್ಲ ಆದಿಸಮುದ್ರದ ನೀರಿನಿಂದ ಇಳಿದು ಗಟ್ಟಿಯಾದವೆಂದು ವೆರ್ನರನು ಬೋಧಿಸುತ್ತಿದ್ದನು. ಅವನ ಪ್ರಿಯಶಿಷ್ಯನಾದ ಲಿಯೋಪೋಲ್ಡ್ ಫಾನ್ ಬುಖ್ 1802ರಲ್ಲಿ ಫ್ರಾನ್ಸಿನ ಓವೆರ್ನ್ ಸೀಮೆಯ ಆರಿದ ಜ್ವಾಲಾಮುಖಿಗಳನ್ನು ಕಣ್ಣಾರೆ ಕಂಡು, ಅಲ್ಲಿಯ ಬಸಾಲ್ಟ್ ಬೆಂಕಿಯಿಂದ ಹುಟ್ಟಿದುದೆಂದು ಒಪ್ಪಿಕೊಳ್ಳಬೇಕಾಯಿತು. ಹುಂಬೋಲ್ಟನೂ ಅಮೆರಿಕೆಯ ಜ್ವಾಲಾಮುಖಿಗಳನ್ನೇರಿ ಬಂದು ಅದೇ ದಾರಿ ಹಿಡಿದನು. ಗುರುವಿನ ಸಿದ್ಧಾಂತವು ಬಿದ್ದಿತು. ಗುರುವು ಕಲಿಸಿದ ನೋಡುವ ಕ್ರಮವು ಉಳಿಯಿತು. ಅದೇ ಕ್ರಮದಿಂದಲೇ ಶಿಷ್ಯರು ಅವನ ತಪ್ಪನ್ನು ತಿದ್ದಿದರೆಂಬುದು ಗಮನಿಸತಕ್ಕ ಮಾತು.

ಹತ್ತೊಂಬತ್ತನೆಯ ಶತಮಾನದಲ್ಲಿ ಗಣಿಗಳಿಗೆ ಬಂದ ದೊಡ್ಡ ಕಂಟಕವೆಂದರೆ ನೀರು. ಅದನ್ನು ಹೊರಹಾಕಲು 1844ರಲ್ಲಿ ಆರಂಭಿಸಿ 1877ರಲ್ಲಿ ಮುಗಿಸಿದ ರೋಟ್‌ಷೋನ್‌ಬರ್ಗಿನ ನೀರುಸುರಂಗವು, ಶಾಖೆಗಳೂ ಸೇರಿ, ಸುಮಾರು 50 ಕಿಲೋಮೀಟರುಗಳಷ್ಟು ಉದ್ದವುಳ್ಳದು. ಇಷ್ಟು ದೂರದ ಸುರಂಗವನ್ನು ಹಲವು ಕಡೆಗಳಿಂದ ಒಟ್ಟಿಗೆ ಕೊರೆಯುವಾಗ ತುದಿಗಳು ನೆಲದಡಿಯಲ್ಲಿ ತಪ್ಪದೆ ಕೂಡಬೇಕು. ಅದಕ್ಕೆ ಬೇಕಾದ ಮೋಜಣಿಯನ್ನು ಥಿಯೊಡೊಲೈಟ್ ಯಂತ್ರದಿಂದ ಮಾಡಿ ಹಳೆಯ ಪದ್ಧತಿಯನ್ನು ಬದಲಿಸಿದವನು ಯೂಲಿಯುಸ್ ವೈಸ್‌ಬಾಖ್. ಈತನೂ ಫ್ರೈಬರ್ಗಿನ ವಿದ್ಯಾರ್ಥಿಯೇ. ಕೊಳವೆಯಲ್ಲಿ ಹರಿಯುವ ನೀರು ಘರ್ಷಣೆಯಿಂದ ಎಷ್ಟು ಬಲವನ್ನು ಕಳೆದುಕೊಳ್ಳುವುದೆಂಬುದನ್ನು ಲೆಕ್ಕಹಾಕುವ ಇವನ 1845ರ ಸೂತ್ರವು, ಮುಂದೆ ಫ್ರಾನ್ಸಿನ ಡಾರ್ಸಿಯ ಹೆಸರಿನೊಡನೆ ಕೂಡಿಕೊಂಡು, ಇಂದು ಕರ್ನಾಟಕದ ಇಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ಪಾಠವಾಗಿದೆ.

ವಿದ್ಯಾಪೀಠದ ರಸಾಯನಶಾಲೆಯಲ್ಲಿ ಎರಡು ಮೂಲಧಾತುಗಳು ಬೆಳಕಿಗೆ ಬಂದವು. 1863ರಲ್ಲಿ ರೈಖ್ ಎಂಬ ಪ್ರಾಧ್ಯಾಪಕನು ಸತುವಿನ ಅದಿರನ್ನು ವರ್ಣಪಟಲದಿಂದ ಪರೀಕ್ಷಿಸಬಯಸಿದನು. ಆದರೆ ಆತನಿಗೆ ಬಣ್ಣಗಳ ಭೇದವು ತಿಳಿಯುತ್ತಿರಲಿಲ್ಲ. ಅದಕ್ಕಾಗಿ ಸಹಾಯಕನಾದ ರಿಖ್ಟರನನ್ನು ನೋಡಹೇಳಿದನು. ರಿಖ್ಟರನಿಗೆ ಅದುವರೆಗೆ ಯಾರೂ ಕಾಣದ ನೀಲಿಯ ಗೆರೆಯೊಂದು ಕಂಡಿತು. ಅದರ ಬಣ್ಣದಿಂದಲೇ ಹೊಸ ಧಾತುವಿಗೆ ಇಂಡಿಯಂ ಎಂದು ಹೆಸರಾಯಿತು. 1885ರಲ್ಲಿ ಸಮೀಪದ ಗಣಿಯೊಂದರಲ್ಲಿ ದೊರೆತ ಬೆಳ್ಳಿಯ ಖನಿಜವನ್ನು, ಇಲ್ಲಿಯೇ ಓದಿ ಇಲ್ಲಿಯೇ ಪ್ರಾಧ್ಯಾಪಕನಾಗಿದ್ದ ಕ್ಲೆಮೆನ್ಸ್ ವಿಂಕ್ಲರನು ಪೃಥಕ್ಕರಿಸಿದನು. ಎಷ್ಟು ಸಲ ತೂಗಿದರೂ ನೂರರಲ್ಲಿ ಆರೇಳು ಪಾಲು ಲೆಕ್ಕಕ್ಕೆ ಸಿಗಲಿಲ್ಲ. ಕೈತಪ್ಪೆಂದು ಬಿಡದೆ ತಿಂಗಳುಗಟ್ಟಲೆ ಹುಡುಕಿ, 1886ನೆಯ ಫೆಬ್ರುವರಿಯಲ್ಲಿ ಜರ್ಮೇನಿಯಂ ಧಾತುವನ್ನು ಹಿಡಿದನು. ರಷ್ಯಾದ ಮೆಂಡಲೀಫನು ಹದಿನೈದು ವರ್ಷಗಳ ಹಿಂದೆ ಇರಬೇಕೆಂದು ಊಹಿಸಿ ತೆರವಿಟ್ಟಿದ್ದ ಸ್ಥಾನವು ತುಂಬಿತು. 1947ರಲ್ಲಿ ಅಮೆರಿಕೆಯಲ್ಲಿ ರಚಿತವಾದ ಮೊದಲನೆಯ ಟ್ರಾನ್ಸಿಸ್ಟರು ಜರ್ಮೇನಿಯಂನದೇ. ಕಂಪ್ಯೂಟರುಗಳಿಗೂ ರೋಬೋಟುಗಳಿಗೂ ಅದರಿಂದ ದಾರಿ ತೆರೆಯಿತು.

ವಿದ್ಯೆಯು ಮಾಡಿದುದೆಲ್ಲ ಹಿತವೇ ಆಯಿತೆಂದು ಹೇಳುವುದು ಸತ್ಯಕ್ಕೆ ದೂರ. ಅದಿರು ಕರಗಿಸುವ ಕುಲುಮೆಗಳ ಹೊಗೆಯು ಸುತ್ತಲಿನ ಕಾಡುಗಳನ್ನೂ ಹೊಲಗಳನ್ನೂ ಕೆಡಿಸಿತು. ಇದಕ್ಕೆ ಪರಿಹಾರವೆಂದು 1889ರಲ್ಲಿ ಹಾಲ್ಸ್‌ಬ್ರುಕೆಯಲ್ಲಿ 140 ಮೀಟರು ಎತ್ತರದ ಚಿಮಣಿಯನ್ನು ಕಟ್ಟಿ ಮುಗಿಸಿದರು. ಜಗತ್ತಿನಲ್ಲಿಯೇ ಅಷ್ಟು ಎತ್ತರದ ಚಿಮಣಿಯು ಆಗ ಬೇರೊಂದಿರಲಿಲ್ಲ. ಹೊಗೆಯು ಊರಿನಿಂದ ದೂರ ಹೋಯಿತು, ಇಲ್ಲದಂತಾಗಲಿಲ್ಲ. ನೆರೆಯವನ ಹೊಲಕ್ಕೆ ಸಾಗಿಸಿದ ಕೇಡನ್ನು ಕೇಡು ನೀಗಿತೆಂದು ಎಣಿಸಬಾರದೆಂಬ ಪಾಠವನ್ನು ಇಂದಿನ ಶೋಧಕರೂ ನೆನಪಿನಲ್ಲಿಡತಕ್ಕದ್ದು.

ಅಷ್ಟರಲ್ಲಿ ಬೆಳ್ಳಿಯ ಕಾಲವೇ ಮುಗಿಯುತ್ತ ಬಂದಿದ್ದಿತು. 1871ರ ತರುವಾಯ ಜರ್ಮನಿಯು ಚಿನ್ನದ ನಾಣ್ಯಪದ್ಧತಿಯನ್ನು ಹಿಡಿದುದರಿಂದ ಬೆಳ್ಳಿಯ ಬೆಲೆಯು ಇಳಿಯಿತು. 1913ರಲ್ಲಿ ಫ್ರೈಬರ್ಗಿನ ಬೆಳ್ಳಿಯ ಗಣಿಗಳು ಮುಚ್ಚಿದವು. ಗಣಿಯು ಮುಚ್ಚಿದರೆ ಗಣಿವಿದ್ಯೆಯೂ ಮುಚ್ಚಬೇಕೆಂದು ಯಾರಿಗಾದರೂ ತೋರೀತು. ಆದುದು ಬೇರೆ. ಬತ್ತಿದ ಗಣಿಯನ್ನೇ ಪಾಠಶಾಲೆಯಾಗಿ ಮಾಡಿಕೊಂಡು, 1919ರಿಂದ ರೈಖೆ ತ್ಸೆಖೆ, ಆಲ್ಟೆ ಎಲಿಸಬೆತ್ ಎಂಬ ಎರಡು ಗಣಿಗಳನ್ನು ವಿದ್ಯಾರ್ಥಿಗಳ ಅಭ್ಯಾಸಕ್ಕೂ ಶೋಧನೆಗೂ ಮೀಸಲಿಟ್ಟರು. ಹತ್ತಿರದ ಇನ್ನೊಂದು ಗಣಿಯೊಳಗೆ, ಹಿಂದೆ ಶತ್ರುವಾಗಿದ್ದ ನೀರಿನಿಂದಲೇ ವಿದ್ಯುಚ್ಛಕ್ತಿಯನ್ನು ಉತ್ಪಾದಿಸುವ ಯಂತ್ರಾಗಾರವನ್ನು ಸ್ಥಾಪಿಸಿದರು. ಅದು 1914ರಿಂದ 1972ರ ಪರ್ಯಂತ ನಡೆಯಿತು. 1937ರಲ್ಲಿ ಸೀಸ ಮತ್ತು ಸತುವಿಗಾಗಿ ಮತ್ತೆ ತೆರೆದ ಗಣಿಗಳು 1969ರಲ್ಲಿ ಕೊನೆಯದಾಗಿ ನಿಂತವು. ಆಗಲೂ ವಿದ್ಯಾಪೀಠವು ನಿಲ್ಲಲಿಲ್ಲ.

ಈಗ ಅಲ್ಲಿ ತರುಣ ಶೋಧಕರೊಡನೆ ರೋಬೋಟುಗಳೂ ಗಣಿಗೆ ಇಳಿಯುತ್ತವೆ. ಗಾಲಿಗಳ ಮೇಲೆ ಸಾಗುತ್ತ ಕತ್ತಲೆಯ ಸುರಂಗಗಳ ನಕ್ಷೆಯನ್ನು ತಾವಾಗಿಯೇ ರಚಿಸುವುದನ್ನೂ, ಗಾಳಿಯ ಸ್ಥಿತಿಯನ್ನು ತಿಳಿಸುವ ಸಲಕರಣೆಗಳನ್ನು ಯಂತ್ರದ ತೋಳಿನಿಂದ ಅಲ್ಲಲ್ಲಿ ಇರಿಸುವುದನ್ನೂ ಅವುಗಳಿಗೆ ಕಲಿಸುವ ಪ್ರಯೋಗಗಳು ನಡೆದಿವೆ. ಕೆಟ್ಟ ಗಾಳಿಗೆ ದೀಪ ಹಿಡಿದು ಹೋಗಿ ಹುಂಬೋಲ್ಟನು ಬಿದ್ದಂತೆ ಇನ್ನೊಬ್ಬರು ಬೀಳದಿರಲೆಂಬುದೇ ಈ ಶ್ರಮದ ಒಂದು ಉದ್ದೇಶ. ಪಟ್ಟಣದ ಫ್ರಾಯ್ಡೆನ್‌ಸ್ಟೈನ್ ಕೋಟೆಯಲ್ಲಿ ಬೆಚ್ಚಗಿಡುವುದಕ್ಕೂ ತಂಪುಗೊಳಿಸುವುದಕ್ಕೂ ಹಳೆಯ ಗಣಿಯ ನೀರೇ ಒದಗುತ್ತಿದೆ. 2019ರಲ್ಲಿ ಈ ಗಣಿಸೀಮೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಬೆಳ್ಳಿಯು ಫ್ರೈಬರ್ಗನ್ನು ಸುಮಾರು ಏಳೂವರೆ ಶತಮಾನ ಸಾಕಿತು, ಬಳಿಕ ತೀರಿತು. ಬೆಳ್ಳಿಯ ಹಣದಿಂದ ಕಟ್ಟಿದ ವಿದ್ಯಾಪೀಠವು ಬೆಳ್ಳಿಯನ್ನು ದಾಟಿ ಬಾಳಿತು. ಬೊಕ್ಕಸವು ಬರಿದಾಗಿದ್ದಾಗ ವಿದ್ಯೆಗೆ ಹಣವಿತ್ತ ಅಧಿಕಾರಿಗಳು, ಶಿಷ್ಯನು ತನ್ನನ್ನು ಮೀರಿ ನೋಡುವಂತೆ ಕಣ್ಣು ಕೊಟ್ಟ ಗುರು, ಕೂಲಿಯವನ ಪಕ್ಕದಲ್ಲಿ ನಿಂತು ಕಲಿಯಲು ಹಿಂಜರಿಯದ ವಿದ್ಯಾರ್ಥಿ, ಈ ಮೂವರು ಕೂಡಿದುದರ ಫಲವಿದು. ಊರೂರಿನಲ್ಲಿ ಕಟ್ಟಡಗಳೂ ಯಂತ್ರಗಳೂ ಹೆಚ್ಚುತ್ತಿರುವ ಈ ಕಾಲದಲ್ಲಿ, ತರುಣರು ತಮ್ಮ ಶೋಧನೆಗೆ ವಿಷಯವನ್ನು ಆರಿಸಿಕೊಳ್ಳುವಾಗ, ಅದು ಯಾರ ದುಡಿಮೆಯ ಭಾರವನ್ನು ಇಳಿಸುವುದು, ಯಾರ ಉಸಿರನ್ನು ಕಾಯುವುದು ಎಂದು ಮೊದಲು ಕೇಳಿಕೊಂಡರೆ, ಫ್ರೈಬರ್ಗಿನ ಗಣಿಯೊಳಗೆ ಹೊತ್ತಿದ ದೀಪವು ಅವರ ಕೈಯಲ್ಲಿಯೂ ಉರಿಯುವುದರಲ್ಲಿ ಸಂದೇಹವಿಲ್ಲ.