ಬಾಡಿಗೆ ಸೈನ್ಯದ ಬಿಲ್: ನಗರದ ರೈತ ದಂಗೆಯ ಕಥೆ

ಜಯನಗರದ ನನ್ನ ಪುಟ್ಟ ರೂಮಿನಿಂದ ಮಾತಾಡ್ತಿದೀನಿ. 2021ರಲ್ಲಿ ಅಮೆರಿಕದ ಸೈನ್ಯ ಕಾಬೂಲ್ ಬಿಟ್ಟು ಹೊರಟಿದ್ದನ್ನ ನಾವೆಲ್ಲ ಫೋನಲ್ಲೇ ನೋಡಿದ್ವಿ. ಕಾಪಾಡೋಕೆ ಬಂದವರು ಹೊರಟುಹೋದ್ರೆ ಏನಾಗತ್ತೆ ಅಂತ ಗೊತ್ತಾಯ್ತು. ಹೋಗದೇ ಉಳಿದುಬಿಟ್ರೆ? ಅದಕ್ಕೆ ನಮ್ಮ ಮೈಸೂರು ಸಂಸ್ಥಾನವೇ ಉದಾಹರಣೆ.

1799ರಲ್ಲಿ ಟಿಪ್ಪು ಸತ್ತ ಮೇಲೆ ಈಸ್ಟ್ ಇಂಡಿಯಾ ಕಂಪನಿ, ಇನ್ನೂ ಐದು ವರ್ಷದ ಮಗುವಾಗಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರನ್ನ ಪಟ್ಟಕ್ಕೆ ಕೂರಿಸಿತು. ಜೊತೆಗೊಂದು ಒಪ್ಪಂದ: ರಾಜ್ಯದ ರಕ್ಷಣೆಗೆ ಕಂಪನಿ ಸೈನ್ಯ, ಅದಕ್ಕೆ ವರ್ಷಕ್ಕೆ 7 ಲಕ್ಷ ವರಹ. ನಾನು ಬಿಕಾಂ ಓದಿದವನು, ಕರಾರುಪತ್ರ ನೋಡಿದ್ರೆ ಮೊದಲು ಷರತ್ತು ಹುಡುಕ್ತೀನಿ. ಇಲ್ಲೂ ಒಂದಿತ್ತು. ಹಣ ಬರೋದು ಅನುಮಾನ ಅನ್ನಿಸಿದ್ರೆ, ರಾಜ್ಯದ ಬೇಕಾದಷ್ಟು ಭಾಗದ ಆಡಳಿತವನ್ನ ಕಂಪನಿ ತಗೋಬಹುದು.

ಮುಂದೆ ಅಮಲ್ದಾರರ ಜೊತೆ 'ಶರ್ತು' ಪದ್ಧತಿ ಬಂತು. ಇಷ್ಟು ಕಂದಾಯ ತರ್ತೀನಿ ಅಂತ ಅಮಲ್ದಾರ ಒಪ್ಪಿಕೊಳ್ಳಬೇಕು, ಕಡಿಮೆಯಾದ್ರೆ ಅವನೇ ಕಟ್ಟಬೇಕು. ಟಾರ್ಗೆಟ್ ಅಮಲ್ದಾರನದು, ಹಿಂಡಿಸಿಕೊಂಡವನು ರೈತ. 1830ರಲ್ಲಿ ನಗರ ಸೀಮೆಯ, ಅಂದ್ರೆ ಈಗಿನ ಶಿವಮೊಗ್ಗ ಕಡೆಯ ರೈತರು ಕೂಟ ಕಟ್ಟಿ ಎದ್ದುನಿಂತರು. ತಾನು ನಗರದ ರಾಜವಂಶದವನು ಅಂತ ಹೇಳಿಕೊಂಡ ಬೂದಿ ಬಸವಪ್ಪ ಮುಂದಾಳಾದ. ಮೈಸೂರು ಪಡೆಯಿಂದ ದಂಗೆ ಅಡಗಲಿಲ್ಲ. ಕಂಪನಿ ಸೈನ್ಯ ಬಂತು, 1831ರಲ್ಲಿ ನಗರ ಕೈವಶವಾಯ್ತು.

ಆಮೇಲೆ ಬಂತು ಬಿಲ್. ಅದೇ ವರ್ಷ ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್, ಒಂದು ಭಾಗವಲ್ಲ, ಇಡೀ ರಾಜ್ಯದ ಆಡಳಿತವನ್ನೇ ತಗೊಂಡ. ಅರಸರು ಅರಮನೆಯಲ್ಲೇ ಉಳಿದರು, ಅಧಿಕಾರ ಕಮಿಷನರ್‌ಗಳಿಗೆ ಹೋಯ್ತು. ಕಂಪನಿಯೇ ನೇಮಿಸಿದ ಸಮಿತಿ 1833ರಲ್ಲಿ, ಅರಸರ ಮೇಲಿನ ಆರೋಪಗಳಲ್ಲಿ ಉತ್ಪ್ರೇಕ್ಷೆ ಇದೆ ಅಂತ ವರದಿ ಕೊಟ್ಟಿತು. ಸ್ವಲ್ಪ ಭಾಗ ವಾಪಸ್ ಕೊಡೋಣ ಅಂತ ಬೆಂಟಿಂಕ್‌ನೇ 1834ರಲ್ಲಿ ಹೇಳಿದ. ಲಂಡನ್ ಒಪ್ಪಲಿಲ್ಲ. ಮುಮ್ಮಡಿಯವರು 1868ರಲ್ಲಿ ತೀರಿಕೊಂಡರು. ಅಧಿಕಾರ ಒಡೆಯರ ಮನೆಗೆ ಮರಳಿದ್ದು 1881ರಲ್ಲಿ, 50 ವರ್ಷದ ನಂತರ.

ಅರಸರದು ತಪ್ಪೇ ಇರಲಿಲ್ಲ ಅಂತ ನಾನು ಹೇಳ್ತಿಲ್ಲ. ರೈತರ ಸಂಕಟ ನಿಜವಾಗಿತ್ತು. ಆದ್ರೆ ಜನರ ದೂರು ಕೇಳೋ ಬದಲು ಹೊರಗಿನ ಸೈನ್ಯ ಕರೆಸಿದ್ರೆ, ಆ ಸೈನ್ಯದ ಯಜಮಾನನೇ ಕೊನೆಗೆ ಮನೆ ಯಜಮಾನ ಆಗ್ತಾನೆ.

ಈ ಕಥೇಲಿ ಲಾಭ ಆಗಿದ್ದು ನಮ್ಮೂರಿಗೆ. ಕಮಿಷನರ್‌ಗಳು ಆಡಳಿತ ಕೇಂದ್ರವನ್ನ ಮೈಸೂರಿನಿಂದ ಬೆಂಗಳೂರಿಗೆ ತಂದರು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಹೆಸರಲ್ಲಿ ಪಾರ್ಕೇ ಇದೆ. ಭಾನುವಾರ ಜಯನಗರದಲ್ಲಿ ಮೆಟ್ರೋ ಹತ್ತಿ ಅಲ್ಲಿಗೆ ಹೋಗ್ತೀನಿ. ಆ ದಾರೀಲಿ ನಗರದ ರೈತರ ಹೆಸರು ನನಗೆ ಎಲ್ಲೂ ಸಿಗಲ್ಲ. ಅದಕ್ಕೇ ಇವತ್ತಿನ ಎಪಿಸೋಡ್ ಅವರಿಗೆ. ಮತ್ತೆ ಸಿಗೋಣ.